ಕೇಬಲ್ಲು ನೆಲದ ಮೇಲೇ ಇತ್ತು

ಇಂಥ ಸಂಗತಿಗಳನ್ನು ನಾನು ಯಾವತ್ತೂ ನಂಬಿದವನಲ್ಲ. ನಮ್ಮ ಸೋದರತ್ತೆಯೊಬ್ಬರಿದ್ದರು. ಬಸವನಗುಡಿಯ ನಮ್ಮ ಮನೆಯ ಜಗಲಿಯಲ್ಲಿ ಹೂ ಕಟ್ಟುತ್ತಾ ಕೂತು, ತೀರಿಹೋದವರು ಬಂದು ಬಾಗಿಲು ತಟ್ಟಿದ್ದು, ಕನಸಿನಲ್ಲಿ ನೀರು ಕೇಳಿದ್ದು, ಎಲ್ಲವನ್ನೂ ನಿನ್ನೆ ಮೊನ್ನೆ ನಡೆದ ಹಾಗೆ ಹೇಳುತ್ತಿದ್ದರು. ನಾನು ಸೈನ್ಸ್ ಓದಿದ ಹುಮ್ಮಸ್ಸಿನಲ್ಲಿ, "ಅತ್ತೆ, ಅವ್ರು ಯಾವ ಫ್ರೀಕ್ವೆನ್ಸಿಲಿ ಬಂದ್ರು?" ಎಂದು ರೇಗಿಸುತ್ತಿದ್ದೆ. "ನಿನ್ ತಲೆ! ಆ ಬಾಳೆನಾರು ಕೊಡು ಇಲ್ಲಿ" ಎಂದು ಅವರು ಕಥೆ ಮುಂದುವರಿಸುತ್ತಿದ್ದರು. ಈಗ ಹೇಳಹೊರಟಿರುವುದು ನನಗೇ ಆದದ್ದು. ನಂಬಿ ಎಂದು ನಿಮ್ಮನ್ನು ಒತ್ತಾಯ ಮಾಡುವುದಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ನನಗೆ ಹ್ಯಾಮ್ ರೇಡಿಯೋ ಹುಚ್ಚು. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತೆಗೆದುಕೊಂಡು, ತಾರಸಿಯ ಮೇಲೆ ಏರಿಯಲ್ ತಂತಿ ಕಟ್ಟಿ, ಊರೂರಿನ ಇಂಥದೇ ಹುಚ್ಚರ ಜೊತೆ ಮಾತಾಡುವುದು. ಇದನ್ನು ನನಗೆ ಹತ್ತಿಸಿದವನು ಚಾಮರಾಜಪೇಟೆಯ ವೆಂಕು, ಕಾಲೇಜಿನಿಂದಲೂ ಜೊತೆಗಿದ್ದವನು. ಇಬ್ಬರಿಗೂ ಮೈಕಿಗಿಂತ ಮೋರ್ಸ್ ಮೇಲೇ ಪ್ರೀತಿ. ಹಿಂದೆ ತಂತಿ ಕಚೇರಿಯಲ್ಲಿ ಕಟ್ಟುಕಡ ಎಂದು ಬಡಿಯುತ್ತಿದ್ದರಲ್ಲ, ಆ ಭಾಷೆ. ಬೇರೆ ಹ್ಯಾಮ್‌ಗಳು ಸಂಪರ್ಕ ಸಿಕ್ಕ ಕೂಡಲೇ ಸಿಗ್ನಲ್ ಎಷ್ಟು ಜೋರಾಗಿದೆ ಎಂದು ಹೇಳಿಕೊಳ್ಳುತ್ತಾರೆ. ನಾವು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬಡಿದು, ತಿಂಡಿ ಆಯ್ತಾ ಎಂದು ಕೇಳುತ್ತಿದ್ದೆವು. ಎಷ್ಟೋ ವರ್ಷ ನಮ್ಮ ಬೆಳಗು ಹೀಗೇ ಆಯಿತು. ಬರಹದಲ್ಲಿ ಒಬ್ಬೊಬ್ಬರ ಅಕ್ಷರ ಬೇರೆ ಇರುವ ಹಾಗೆ ಮೋರ್ಸಿನಲ್ಲಿ ಒಬ್ಬೊಬ್ಬರ ಕೈ ಬೇರೆ. ಹೆಸರು ಹೇಳುವ ಮೊದಲೇ ಅವನು ವೆಂಕು ಎಂದು ನನಗೆ ತಿಳಿಯುತ್ತಿತ್ತು, ಅವನಿಗೂ ಹಾಗೆಯೇ.

ಹೆಂಡತಿ ತೀರಿಹೋದ ಮೇಲೆ ವೆಂಕು ಧಾರವಾಡಕ್ಕೆ, ಮಗಳು ವಸುಧಾಳ ಮನೆಗೆ ಹೋದ. ಅವಳು ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅಪ್ಪನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಆದರೆ ವೆಂಕುವಿನ ಕಿವಿ ಕೈಕೊಟ್ಟಿತು. ಪೂರ್ತಿ ಕಿವುಡಲ್ಲ, ಮನುಷ್ಯರ ಮಾತು ಬರೀ ಗುಜುಗುಜು ಎಂದು ಕೇಳುತ್ತಿತ್ತು, ಶಬ್ದ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಕಿವಿಗೆ ಮೆಷಿನ್ ಹಾಕಿದರೆ ಗುಜುಗುಜು ಇನ್ನೂ ಜೋರಾಗುತ್ತಿತ್ತು, ಅಷ್ಟೆ. ಕಣ್ಣು ಮಂಜಾಗಿ ಓದುವುದೂ ನಿಂತಿತು. ಮಗಳು ಅವನ ಅಂಗೈ ಮೇಲೆ ಬೆರಳಿನಿಂದ ಬರೆದು ಮಾತ್ರೆ, ಸ್ನಾನ ಅನ್ನುವಷ್ಟನ್ನು ತಿಳಿಸುತ್ತಿದ್ದಳು. ಮೋರ್ಸಿನ ಆ ಒಂದೇ ಶ್ರುತಿಯ ಸದ್ದು ಮಾತ್ರ ಹೆಡ್‌ಫೋನಿನಲ್ಲಿ ಅವನಿಗೆ ನಿಚ್ಚಳವಾಗಿ ಕೇಳುತ್ತಿತ್ತು. ಹಾಗಾಗಿ ಅವನ ಜೊತೆ ಸಲೀಸಾಗಿ ಹರಟುವುದಕ್ಕೆ ಈ ಲೋಕದಲ್ಲಿ ನಾನೊಬ್ಬನೇ ಉಳಿದೆ.

ಅಷ್ಟರಲ್ಲಿ ಅವರ ಫ್ಲ್ಯಾಟಿನ ಎದುರು ಹೊಸ ಕಟ್ಟಡ ಎದ್ದಿತು. ಅದರ ಲಿಫ್ಟೋ, ದೀಪಗಳೋ, ಏನೋ ಒಂದು ಅವನ ರೇಡಿಯೋದಲ್ಲಿ ದಿನವಿಡೀ ಗೊರ್ ಎಂದು ಗದ್ದಲ ಎಬ್ಬಿಸತೊಡಗಿತು. ಬಾಲ್ಕನಿಯ ಗಿಡ್ಡ ತಂತಿಗೆ ಆ ಗದ್ದಲದೊಳಗಿಂದ ನನ್ನ ಸಿಗ್ನಲ್ ಸಿಗದಾಯಿತು. ನನ್ನ ತಂತಿ ಉದ್ದದ್ದು, ನನಗೆ ಅವನು ಕ್ಷೀಣವಾಗಿಯಾದರೂ ಕೇಳುತ್ತಿದ್ದ. ಸಂಕಟ ಅದೇ ನೋಡಿ. ತಿಂಡಿ ಆಯ್ತಾ, ಎಲ್ಲಿದೀಯೋ, ಎಂದು ಪ್ರತಿದಿನ ಬೆಳಗ್ಗೆ ಕರೆಯುತ್ತಿದ್ದ. ನಾನು ಇಲ್ಲಿಂದ ಉತ್ತರ ಬಡಿದೇ ಬಡಿಯುತ್ತಿದ್ದೆ. ಅವನು ಸ್ವಲ್ಪ ಕಾದು ಮತ್ತೆ ಅದನ್ನೇ ಕೇಳುತ್ತಿದ್ದ. ಆಮೇಲೆ ಒಂದು ದಿನ ಕರೆಯುವುದೂ ನಿಂತಿತು.

ವಸುಧಾ ಫೋನ್ ಮಾಡಿದಳು. "ಅಂಕಲ್, ಅಪ್ಪ ಊಟ ಬಿಟ್ಬಿಟ್ಟಿದಾರೆ. ತುತ್ತು ಬಾಯಿ ಹತ್ರ ಒಯ್ದ್ರೆ ತುಟಿ ಬಿಗಿ ಹಿಡೀತಾರೆ. ಡಾಕ್ಟ್ರು ಮೂಗಿಗೆ ಟ್ಯೂಬ್ ಹಾಕೋಣ ಅಂತಿದಾರೆ. ನೀವು ಹೇಳಿದ್ರೆ ತಿಂತಾರೆ. ಹೆಂಗಾದ್ರೂ ಮಾಡಿ ಹೇಳಿ ಅಂಕಲ್."

ಹೋಗಿಬರಬಾರದಿತ್ತೇ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಕಮಲಳಿಗೆ ಆಗಷ್ಟೇ ಸೊಂಟದ ಆಪರೇಷನ್ ಆಗಿತ್ತು, ಎಬ್ಬಿಸಿ ಕೂರಿಸಲು ನಾನೇ ಬೇಕಿತ್ತು. ಮೋರ್ಸ್ ಸದ್ದನ್ನು ರೆಕಾರ್ಡ್ ಮಾಡಿ ಫೋನಿನಲ್ಲಿ ಕಳಿಸಿದೆ. ವಸುಧಾ ಅದನ್ನು ಅವನ ಕಿವಿಗಿಟ್ಟಳು. ಅವನು ಒಂದು ನಿಮಿಷ ಕೇಳಿ ಕಿತ್ತಿಟ್ಟನಂತೆ. "ಇದು ಡಬ್ಬಿಯೊಳಗಿಂದು, ಗಾಳೀಲಿ ಬಂದಿದ್ದಲ್ಲ. ಯಾವತ್ತೋ ಮಾಡಿಟ್ಟಿದ್ದು. ಅವ್ನು ಹೋಗ್ಬಿಟ್ಟಿದಾನೆ, ನೀವೆಲ್ಲ ಸೇರ್ಕೊಂಡು ಮುಚ್ಚಿಡ್ತಿದೀರಾ" ಅಂದನಂತೆ. ಇಲ್ಲ ಎಂದು ಮಗಳು ಅಂಗೈ ಮೇಲೆ ಎಷ್ಟು ಸಲ ಬರೆದರೂ ಕೈ ಎಳೆದುಕೊಂಡನಂತೆ. ಅಂತೂ ಅವನ ಪಾಲಿಗೆ ಸತ್ತವನು ನಾನು.

ಆಗ ಸಿಗ್ನಲ್ಲಿನ ಬಲ ಹೆಚ್ಚಿಸುವ ಹೈ ಪವರ್ ಆಂಪ್ಲಿಫೈಯರ್ ಒಂದನ್ನು ತರುವುದೆಂದು ನಿರ್ಧಾರ ಮಾಡಿದೆ. ಬಿನ್ನಿಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಗೋಪಿ, ಅವನೂ ಹ್ಯಾಮ್, ನನ್ನ ಮಾತು ಕೇಳಿ ತಲೆ ಕೆರೆದುಕೊಂಡ. "ಸಾರ್, ನಾಕು ಪಟ್ಟು ಪವರ್ ಹಾಕಿದ್ರೂ ಆ ಕಡೆ ರೇಡಿಯೋದ ಸಿಗ್ನಲ್ ಮೀಟ್ರು ಮುಳ್ಳು ಒಂದೇ ಒಂದು ಗೆರೆ ಮೇಲೆ ಹೋಗೋದು. ಒಂದು ಗೆರೆಗೆ ಇಷ್ಟು ಒದ್ದಾಟ ಬೇಕಾ?"

"ಒಂದು ಗೆರೆ ಸಾಕು ಕಣೋ."

ಆಯ್ಕೆ ಎರಡರಲ್ಲಿತ್ತು. ಟ್ರಾನ್ಸಿಸ್ಟರಿನದು ಹಗುರ, ಸ್ವಿಚ್ ಹಾಕಿದ ಕೂಡಲೇ ಕೆಲಸಕ್ಕೆ ಸಿದ್ಧ. ಆದರೆ ಏರಿಯಲ್ ಸ್ವಲ್ಪ ಹೊಂದದಿದ್ದರೂ ಮುನಿಸಿಕೊಳ್ಳುತ್ತದೆ, ಮೇಲಾಗಿ ಹೊರದೇಶದಿಂದ ತರಿಸಬೇಕು. ಅದು ಬರುವವರೆಗೆ ವೆಂಕು ಕಾಯಬೇಕಲ್ಲ. ವಾಲ್ವಿನದು, ಅಂದರೆ ಹಳೇ ರೇಡಿಯೋಗಳ ಗಾಜಿನ ಕೊಳವೆಗಳದು, ಮಣಭಾರ, ಬಿಸಿಯಾಗುವುದಕ್ಕೇ ಹೊತ್ತು ಬೇಕು, ಒಳಗೆ ಮುಟ್ಟಿದರೆ ಜೀವ ಹೋಗುವಷ್ಟು ವೋಲ್ಟೇಜು. ಆದರೆ ಸಣ್ಣಪುಟ್ಟ ತಪ್ಪು ಸಹಿಸಿಕೊಳ್ಳುತ್ತದೆ. ಮಲಗಿದ್ದಲ್ಲಿಂದಲೇ ಕಮಲ ತೀರ್ಪು ಕೊಟ್ಟಳು: "ವಾಲ್ವಿಂದೇ ತಗೊಳ್ಳಿ. ಮುಟ್ಟಿದ್ರೆ ಮುನಿಸ್ಕೊಳ್ಳೋರು ಮನೇಲಿ ಒಬ್ರು ಇದೀರಲ್ಲ, ಸಾಕು."

ಮಲ್ಲೇಶ್ವರದ ಹಿರಿಯ ಹ್ಯಾಮ್ ಒಬ್ಬರು ತಮ್ಮ ಹಳೆಯ ವಾಲ್ವ್ ಆಂಪ್ಲಿಫೈಯರನ್ನು ಮಾರುವವರಿದ್ದರು. ನಾನೂ ಗೋಪಿಯೂ ಹೋಗಿ ಆಟೋದಲ್ಲಿ ಹೇರಿಕೊಂಡು ಬಂದೆವು. "ಒಳಗೆ ರುಬ್ಬೋ ಕಲ್ಲು ಇಟ್ಟಿದೀರಾ ಸಾರ್? ಗಾಡಿ ಹಿಂದಕ್ಕೆ ವಾಲ್ತಿದೆ" ಎಂದು ಆಟೋದವರು ದಾರಿಯುದ್ದಕ್ಕೂ ಗೊಣಗಿದರು. ಮನೆ ಮುಂದೆ ಇಳಿಸುವಾಗ ಗೇಟಿಗೂ ಆಂಪ್ಲಿಫೈಯರಿಗೂ ಮಧ್ಯೆ ನನ್ನ ಬಲಗೈ ಸಿಕ್ಕಿಕೊಂಡು ಬೆರಳುಗಳು ಬದನೆಕಾಯಿಯ ಹಾಗೆ ಊದಿಕೊಂಡವು. ಪಟ್ಟಿ ಕಟ್ಟಿಸಿಕೊಂಡೆ. ಗಡಿಬಿಡಿಯಲ್ಲಿ ಇದನ್ನು ವಸುಧಾಳಿಗೆ ಹೇಳಲಿಲ್ಲ. ಆಂಪ್ಲಿಫೈಯರ್ ಮನೆಗೆ ಬಂದದ್ದನ್ನೂ ಹೇಳಲಿಲ್ಲ. ಎಲ್ಲ ಸರಿಯಾದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ.

ಮರುದಿನ ಬೆಳಗ್ಗೆ ಗೋಪಿ ಬಂದ. ವರ್ಷಗಟ್ಟಲೆ ಸುಮ್ಮನಿದ್ದ ವಾಲ್ವನ್ನು ನೇರವಾಗಿ ಏರಿಯಲ್ಲಿಗೆ ಜೋಡಿಸಬಾರದು, ಮೊದಲು ಡಮ್ಮಿ ಲೋಡ್ ಹಾಕಿ ನೋಡಬೇಕು ಅಂದ. ಡಮ್ಮಿ ಲೋಡ್ ಅಂದರೆ ಏರಿಯಲ್ಲಿನ ಜಾಗದಲ್ಲಿ ಕೂರಿಸುವ ಒಂದು ಸಾಧನ. ಗೋಪಿ ಅದನ್ನು ಬಣ್ಣದ ಡಬ್ಬದೊಳಗೆ ಎಣ್ಣೆ ತುಂಬಿ ತಾನೇ ಮಾಡಿಕೊಂಡಿದ್ದ. ರೇಡಿಯೋದ ಶಕ್ತಿಯೆಲ್ಲ ಆ ಎಣ್ಣೆಯಲ್ಲಿ ಶಾಖವಾಗಿ ಮುಗಿದುಹೋಗುತ್ತದೆ. ಪಕ್ಕದ ಬೀದಿಯವರಿಗೂ ಕೇಳುವುದು ಕಷ್ಟ, ಧಾರವಾಡದ ಮಾತು ಹಾಗಿರಲಿ. ಏರಿಯಲ್ ಕೇಬಲ್ಲನ್ನು ಗೋಪಿಯೇ ಬಿಚ್ಚಿ ನೆಲದ ಮೇಲೆ ಸುತ್ತಿ ಇಟ್ಟ. ನಾನು ಕಣ್ಣಾರೆ ನೋಡಿದೆ.

ವಾಲ್ವುಗಳು ಕೆಂಪಗೆ ಹೊತ್ತಿಕೊಂಡವು. ಏರಿಯಲ್ ಇಲ್ಲದ ರೇಡಿಯೋ ಸದ್ದಡಗಿ ಕೂತಿತ್ತು. ಪರೀಕ್ಷೆಗೆ ಇಂಗ್ಲಿಷಿನ ವಿ ಅಕ್ಷರವನ್ನು ಬಡಿಯುತ್ತಾ ಇರುವುದು ವಾಡಿಕೆ. ನಾನೂ ಎಡಗೈಯಲ್ಲಿ ಮೋರ್ಸ್ ಬಡಿಯುವ ಕೀ ಹಿಡಿದು ಹಾಗೇ ಶುರುಮಾಡಿದೆ. ಸ್ವಲ್ಪ ಹೊತ್ತಿನಲ್ಲಿ ಕೈ ತಾನಾಗಿ ಬೇರೆ ಕಡೆ ಹೊರಳಿತು. ವೆಂಕು, ತಿಂಡಿ ಆಯ್ತಾ. ನಾನಿದೀನಿ ಕಣೋ. ಎಲ್ಲೂ ಹೋಗಿಲ್ಲ. ನೀನು ತಿನ್ನು. ಇದನ್ನೇ ಮತ್ತೆ ಮತ್ತೆ ಬಡಿದೆ.

ಗೋಪಿ ಡಬ್ಬದ ಮೇಲೆ ಅಂಗೈ ಇಟ್ಟು ಶಾಖ ನೋಡುತ್ತಿದ್ದ. "ಯಾರಿಗೆ ಹೇಳ್ತಿದೀರಾ ಸಾರ್, ಎಣ್ಣೆ ಡಬ್ಬಕ್ಕಾ?" ಎಂದು ನಕ್ಕ. ಆಮೇಲೆ ನನ್ನ ಮುಖ ನೋಡಿ ಆಂಪ್ಲಿಫೈಯರಿನ ಕಡೆ ತಿರುಗಿದ. ಒಳಗಿನ ರಿಲೇ ಎಂಬ ಒಂದು ಬಿಡಿಭಾಗ ಸರಿಯಿಲ್ಲ, ಬೇರೆಯದನ್ನು ಸಂಜೆ ತಂದು ಹಾಕುತ್ತೇನೆ, ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ ಎಂದು ಹೇಳಿ, ಎಲ್ಲ ಸ್ವಿಚ್ಚುಗಳನ್ನೂ ಆರಿಸಿ ಹೋದ.

ಕಮಲಳಿಗೆ ಊಟ ಬಡಿಸುತ್ತಿದ್ದಾಗ ಫೋನ್ ಬಂತು. ವಸುಧಾ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಅಂಕಲ್, ಅಪ್ಪಂಗೆ ಕೇಳಿಸ್ತು! ಬೆಳಗ್ಗೆ ನಾನೇ ಸುಮ್ನೆ ಹೆಡ್‌ಫೋನ್ ಹಾಕಿ ಕೂರಿಸಿದ್ದೆ. ಇದ್ದಕ್ಕಿದ್ದಂಗೆ ಬದುಕಿದಾನೆ, ಬದುಕಿದಾನೆ ಅಂತ ಕೂಗಿದ್ರು. ಮೀಟ್ರು ಮುಳ್ಳು ಬಲಗಡೆ ಕೊನೇ ಗೆರೆ ದಾಟಿ ಒರಗಿತ್ತು, ನಾನೇ ನೋಡಿದೆ. ಈಗ ಅನ್ನ ಸಾರು ಕೇಳಿ ಹಾಕಿಸ್ಕೊಂಡು ತಿಂದ್ರು ಅಂಕಲ್. ಮಜ್ಜಿಗೆನೂ ಕುಡಿದ್ರು."

ಸಾರಿನ ಸೌಟು ಕೆಳಗಿಟ್ಟೆ. ಅವಳೇ ಮುಂದುವರಿಸಿದಳು.

"ಅಂದ್ಹಾಗೆ ನಿಮ್ ಬಲಗೈಗೆ ಏನಾಯ್ತು? ಅಪ್ಪ ಕೇಳು ಅಂದ್ರು. ಎಡಗೈಲಿ ಹೊಡೀತಿದಾನೆ, ಪೆದ್ದ, ಎಲ್ಲೋ ಬಿದ್ದಿರ್ಬೇಕು ಅಂತಿದ್ರು."

ಫೋನ್ ಹಿಡಿದೇ ರೇಡಿಯೋ ಕೋಣೆಗೆ ಹೋದೆ. ಕೇಬಲ್ಲು ನೆಲದ ಮೇಲೇ ಇತ್ತು. ಗೋಪಿ ಸುತ್ತಿಟ್ಟ ಹಾಗೇ ಇತ್ತು. ಎಣ್ಣೆಯ ಡಬ್ಬ ಮುಟ್ಟಿದೆ, ಇನ್ನೂ ಬೆಚ್ಚಗಿತ್ತು.

ಗೋಪಿಗಾಗಿ ಕಾಯದೆ ಆಂಪ್ಲಿಫೈಯರನ್ನು ಪಕ್ಕಕ್ಕಿಟ್ಟು, ನನ್ನ ರೇಡಿಯೋಗೇ ಏರಿಯಲ್ ಜೋಡಿಸಿ ಕರೆದೆ. ಉತ್ತರ ಬರಲಿಲ್ಲ. ಅಪ್ಪ ಉಂಡು ಮಲಗಿದ್ದಾರೆ, ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ ಎಂದು ವಸುಧಾ ಫೋನಿನಲ್ಲಿ ಹೇಳಿದಳು. ವೆಂಕು ಆ ನಿದ್ದೆಯಿಂದ ಏಳಲಿಲ್ಲ.

ಅಷ್ಟರಲ್ಲಿ ಊರಿಂದ ಬಂದಿದ್ದ ಕಮಲಳ ತಂಗಿಯನ್ನು ಮನೆಯಲ್ಲಿ ಬಿಟ್ಟು, ವೈಕುಂಠ ಸಮಾರಾಧನೆಗೆ ನಾನು ಧಾರವಾಡಕ್ಕೆ ಹೋದೆ. ಊಟ ಮುಗಿದು ಬಂದವರೆಲ್ಲ ಹೊರಟ ಮೇಲೆ, ಅಪ್ಪನ ರೇಡಿಯೋ ಒಂದ್ಸಲ ನೋಡ್ತೀನಮ್ಮ ಎಂದು ಕೇಳಿ ಅವನ ಕುರ್ಚಿಯಲ್ಲಿ ಕೂತೆ. ಬಸವನಗುಡಿಯ ನಮ್ಮ ಮನೆಯಲ್ಲಿ ಗೋಪಿಯನ್ನು ಕೂರಿಸಿ ಬಂದಿದ್ದೆ. ಮೊದಲು ಡಮ್ಮಿ ಲೋಡ್ ಹಾಕಿ ಬಡಿ ಎಂದು ಫೋನಿನಲ್ಲಿ ಹೇಳಿದೆ. ಹೆಡ್‌ಫೋನಿನಲ್ಲಿ ಬರೀ ಗೊರ್. ಆಮೇಲೆ, ಏರಿಯಲ್ ಹಾಕಿ ಆಂಪ್ಲಿಫೈಯರಿನ ಪೂರ್ತಿ ಪವರ್ ಕೊಡು ಅಂದೆ. ಆ ಗದ್ದಲದ ತಳದಲ್ಲಿ, ಬಾವಿಯೊಳಗಿಂದ ಬಂದ ಹಾಗೆ, ಕಿವಿಗೊಟ್ಟರೆ ಮಾತ್ರ ಸಿಗುವ ಒಂದು ಸಣ್ಣ ಸದ್ದು ಕೇಳಿತು. ಮುಳ್ಳು ಮೇಲೇಳಲೇ ಇಲ್ಲ. ಅಷ್ಟೆಲ್ಲ ಒದ್ದಾಡಿ ತಂದದ್ದರ ಬಲ ಅಷ್ಟೇ.

ಅಂದಮೇಲೆ ಅವತ್ತು ವೆಂಕುವಿಗೆ ಕೇಳಿಸಿದ್ದೇನು? ವಯಸ್ಸಾದ ಜೀವ, ಹೊಟ್ಟೆಯಲ್ಲಿ ಏನೂ ಇಲ್ಲ, ಏನೋ ಭ್ರಮೆ ಅನ್ನಬಹುದು. ಗೋಪಿ ಈಗಲೂ ಹಾಗೇ ಅನ್ನುತ್ತಾನೆ. ಹಾಗಾದರೆ ಎಡಗೈ ಎಂದು ವೆಂಕು ಹೇಗೆ ಹೇಳಿದ ಎಂದರೆ ತಲೆ ಕೆರೆದುಕೊಳ್ಳುತ್ತಾನೆ. ವಸುಧಾ ನೋಡಿದ ಮುಳ್ಳಿಗೆ ಭ್ರಮೆ ಎಲ್ಲಿಂದ ಬರಬೇಕು? ಓದಿದ್ದನ್ನೆಲ್ಲ ಮತ್ತೆ ಓದಿದೆ, ತಿಳಿದವರನ್ನು ಕೇಳಿದೆ. ಇಷ್ಟು ವರ್ಷ ಕಳೆದರೂ ಉತ್ತರ ಸಿಕ್ಕಿಲ್ಲ.

ಆದರೆ ನನ್ನನ್ನು ಕೊರೆಯುವುದು ಅದಲ್ಲ. ಸಮಾರಾಧನೆಯ ದಿನ ವೆಂಕುವಿನ ಕುರ್ಚಿಯಲ್ಲಿ ಕೂತಿದ್ದಾಗ ವಸುಧಾ ಕಾಫಿ ತಂದಳು. ಕೊಟ್ಟು ಹೋಗದೆ ಅಲ್ಲೇ ನಿಂತಳು.

"ಅಂಕಲ್, ಒಂದು ಕೇಳ್ಲಾ? ಅವತ್ತು ನಿಮ್ದು ಮುಗಿದ್ಮೇಲೆ ಅಪ್ಪ ತುಂಬಾ ಹೊತ್ತು ಕೀ ಹೊಡೆದ್ರು. ನಾನು ಅನ್ನಕ್ಕಿಟ್ಟು ಬಂದ್ರೂ ಇನ್ನೂ ಹೊಡೀತಾನೇ ಇದ್ರು. ಮಧ್ಯೆ ಮಧ್ಯೆ ನಗ್ತಿದ್ರು. ಕೊನೇಲಿ ಕಣ್ಣೊರೆಸ್ಕೊಂಡ್ರು. ನಂಗೆ ಆ ಭಾಷೆ ಬರಲ್ವಲ್ಲ. ಏನ್ ಹೇಳಿದ್ರು ಅಪ್ಪ?"

ಅವನು ಅಷ್ಟು ಹೊತ್ತು ಮಾತಾಡಿದ್ದು ನನಗೆ ತಿಳಿದದ್ದೇ ಆಗ. ಆ ಹೊತ್ತಿನಲ್ಲಿ ನನ್ನ ರೇಡಿಯೋ ಆರಿಸಿಟ್ಟಿತ್ತು. ಏರಿಯಲ್ ಬಿಚ್ಚಿತ್ತು. ನಾನು ಎಡಗೈಯಲ್ಲೇ ಕಮಲಳ ಪಲ್ಯಕ್ಕೆ ತರಕಾರಿ ಹೆಚ್ಚುತ್ತಿದ್ದೆ. ನನ್ನ ಮಾತು ಅವನನ್ನು ಯಾವ ದಾರಿಯಲ್ಲಿ ಮುಟ್ಟಿತೋ, ಆ ದಾರಿ ಈ ಕಡೆಗೆ ತೆರೆಯಲಿಲ್ಲ.

ಅವಳಿಗೆ ಇದನ್ನು ಹೇಳಲಿಲ್ಲ. "ಗದ್ದಲ ಜಾಸ್ತಿ ಇತ್ತಮ್ಮ. ಅರ್ಧಂಬರ್ಧ ಕೇಳಿಸ್ತು" ಅಂದೆ.

ವಸುಧಾ ನೆಲದ ಮೇಲೆ, ನನ್ನ ಕಾಲ ಹತ್ತಿರ ಬಂದು ಕೂತಳು.

"ಆ ಅರ್ಧನೇ ಹೇಳಿ ಅಂಕಲ್" ಅಂದಳು.