ಉಕ್ಕಿನ ಊರಲ್ಲಿ ಎರಡಂಗುಲ ಜೇಡರ ನೂಲು

ನಮ್ಮ ಅಪ್ಪಾಜಿ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಕಂಬಿ ಎಳೆದು ಮುರಿಯುವ ಕೆಲಸದಲ್ಲಿದ್ದರು. ತಮಾಷೆಯಲ್ಲ, ಸಂಬಳ ಕೊಡುತ್ತಿದ್ದದ್ದೇ ಅದಕ್ಕೆ. ಆಳೆತ್ತರದ ಯಂತ್ರದ ಎರಡು ದವಡೆಗೆ ಕಂಬಿ ಕಚ್ಚಿಸಿ, ಅದು ಮುರಿಯುವ ತನಕ ಎಳೆದು, ಎಷ್ಟು ಭಾರಕ್ಕೆ ಮುರಿಯಿತೆಂದು ಬರೆಯಬೇಕು. ಬರೆದದ್ದನ್ನು ಯಾರು ಹೇಳಿದರೂ ತಿದ್ದುತ್ತಿರಲಿಲ್ಲ. ಅಮ್ಮನ ತಮ್ಮ ತನ್ನ ಮನೆಯ ತಾರಸಿಗೆ ತಂದ ಕಂಬಿಯನ್ನೇ ಲಾಯಕ್ಕಿಲ್ಲ ಎಂದು ಬರೆದುಕೊಟ್ಟು, ಒಂದು ವರ್ಷ ಅಮ್ಮನಿಗೆ ತವರಿಲ್ಲದ ಹಾಗೆ ಮಾಡಿದ್ದರು.

ಇಂಥವರ ಎದುರು ಊಟಕ್ಕೆ ಕೂತು ನಾನು, ಜೇಡರ ನೂಲು ಉಕ್ಕಿಗಿಂತ ಗಟ್ಟಿ ಎಂದುಬಿಟ್ಟೆ. ಅಪ್ಪಾಜಿ ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದುಹೋದರು. ಆಮೇಲೆ ನನ್ನೊಡನೆ ಮಾತಾಡಬೇಕಾದರೆ ಅಮ್ಮನ ಮೂಲಕವೇ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಎಂ.ಎಸ್ಸಿ. ಓದುತ್ತಿದ್ದೆ. ಜೇಡ ನೂಲು ಮಾಡುವ ಗುಟ್ಟನ್ನು ಬ್ಯಾಕ್ಟೀರಿಯಾಕ್ಕೆ ಕಲಿಸಿ, ಅದರಿಂದ ತೆಗೆದ ಪ್ರೋಟೀನಿನ ಪುಡಿಯನ್ನು ನಮ್ಮ ಗೈಡಿಗೆ ಯಾರೋ ಸ್ನೇಹಿತರು ಕಳಿಸಿದ್ದರು. ಅದನ್ನು ಕರಗಿಸಿ, ಸಿರಿಂಜಿಗೆ ತುಂಬಿ, ಸೂಜಿಯಿಂದ ಸ್ಪಿರಿಟ್ಟಿನೊಳಗೆ ಮೆಲ್ಲಗೆ ಒತ್ತಿದರೆ ಎಳೆಯಾಗಿ ಗಟ್ಟಿಯಾಗಬೇಕು. ಇದು ನನ್ನ ಪ್ರಾಜೆಕ್ಟು. ಅಮ್ಮನಿಗೆ ಅರ್ಥವಾದದ್ದು ಜೇಡ ಒಂದೇ. ಮಗಳ ಓದಿಗೆ ಬೇಕಾದೀತೆಂದು ಅವಳು ಮನೆಯ ಬಲೆ ಹೊಡೆಯುವುದನ್ನೇ ನಿಲ್ಲಿಸಿದಳು. ಪಕ್ಕದ ಮನೆಯವರು ಒಂದು ಬೆಳಿಗ್ಗೆ ಉಪ್ಪಿನಕಾಯಿ ಬಾಟಲಿಯಲ್ಲಿ ದಪ್ಪನೆಯ ಜೇಡವೊಂದನ್ನು ತಂದುಕೊಟ್ಟು, ಬಾಟಲಿ ಮಾತ್ರ ವಾಪಸ್ ಬೇಕು ಎಂದರು. ನನ್ನದರಲ್ಲಿ ಜೇಡವೇ ಇಲ್ಲ, ಬರೀ ಬ್ಯಾಕ್ಟೀರಿಯಾ ಎಂದು ವಿವರಿಸಿದ ಮೇಲೆ ಅಮ್ಮ ನನ್ನ ತಟ್ಟೆ ಲೋಟ ಬೇರೆ ಇಟ್ಟಳು.

ನಾಲ್ಕು ತಿಂಗಳು ಒತ್ತಿದ್ದೇ ಒತ್ತಿದ್ದು. ಬಂದದ್ದೆಲ್ಲ ಮುಟ್ಟಿದರೆ ಪುಡಿ. ಕೊನೆಗೂ ಮುರಿಯದೆ ಉಳಿದದ್ದು ಒಂದೇ ಎಳೆ, ಎರಡಂಗುಲ. ಅದರ ಬಲ ಅಳೆದು ಬರೆಯದೆ ಪ್ರಾಜೆಕ್ಟಿಗೆ ಸಹಿ ಹಾಕುವುದಿಲ್ಲ ಎಂದರು ಗೈಡ್. ಕೂದಲಿನಂಥ ಎಳೆ ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಪರೀಕ್ಷೆಗೆ ಹತ್ತೇ ದಿನ. ಮಾನ ಬಿಟ್ಟು ಅಪ್ಪಾಜಿಯ ಮುಂದೆ ಹೋಗಿ ನಿಂತೆ.

ನಮ್ಮ ಯಂತ್ರ ಇದನ್ನು ಕಚ್ಚಿದರೆ ಅದಕ್ಕೆ ಗೊತ್ತೂ ಆಗುವುದಿಲ್ಲ ಎಂದು ಅಮ್ಮನಿಗೆ ಹೇಳಿದರು. ಆದರೆ ಅಳೆಯದ ವಸ್ತು ಮನೆಯಲ್ಲಿದ್ದರೆ ಅವರಿಗೆ ನಿದ್ದೆ ಬರಬೇಕಲ್ಲ. ಮಾರನೆಯ ದಿನ ಓಲ್ಡ್ ಟೌನಿನ ಅಕ್ಕಸಾಲಿಗರ ಹತ್ತಿರ ಒಂದು ಹಿಡಿ ಗುಲಗಂಜಿ ತಂದರು. ಚಿನ್ನ ತೂಗುವ ಆ ಕೆಂಪು ಕಾಳೇ ತೂಕದ ಬಟ್ಟು. ಎದುರಾಳಿಯಾಗಿ, ಅಮ್ಮ ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಸ್ಕ್ರೂಗೇಜಿನಲ್ಲಿ ಅಳೆದಳೆದು ನನ್ನ ಎಳೆಯಷ್ಟೇ ತೆಳುವಾದ ಒಂದನ್ನು ಆರಿಸಿದರು.

ಭಾನುವಾರ ಬೆಳಿಗ್ಗೆ ಫ್ಯಾನ್ ಆರಿಸಿ ಕಿಟಕಿ ಮುಚ್ಚಿಸಿದರು. ಸೀನು ಬಂದೀತೆಂದು ಒಗ್ಗರಣೆ ಹಾಕುವಂತಿರಲಿಲ್ಲ. ನನ್ನ ಎಳೆಯ ತುದಿಗೆ ಬೇಗಡೆ ಹಾಳೆಯ ಪುಟ್ಟ ದೊನ್ನೆ ಅಂಟಿಸಿ, ಚಿಮಟದಲ್ಲಿ ಒಂದೊಂದೇ ಗುಲಗಂಜಿ ಇಡತೊಡಗಿದರು. ಪ್ರತಿ ಕಾಳಿಗೂ ಉಸಿರು ಬಿಗಿಹಿಡಿದು, ಅಮ್ಮನೂ ಹಿಡಿಯುವಂತೆ ಕಣ್ಣಲ್ಲೇ ಗದರಿಸುತ್ತಿದ್ದರು. ಇಪ್ಪತ್ತನೆಯದಕ್ಕೆ ಎಳೆ ಕಡಿಯಿತು. ಕಾಳು ಮಂಚದ ಕೆಳಗೆಲ್ಲ ಓಡಿದವು. ನನ್ನ ನಾಲ್ಕು ತಿಂಗಳು ಹತ್ತೊಂಬತ್ತು ಗುಲಗಂಜಿ.

ಆಮೇಲೆ ಸ್ಟೀಲ್ ನಾರಿನ ಸರದಿ. ಇದ್ದಬದ್ದ ಗುಲಗಂಜಿ ಹಾಕಿದ್ದಾಯಿತು. ದೊನ್ನೆ ತೆಗೆದು ಕುಂಕುಮದ ಬಟ್ಟಲು ಕಟ್ಟಿದ್ದಾಯಿತು. ಅದರೊಳಗೆ ಅಡಿಕೆ, ಅಮ್ಮನ ಓಲೆ, ಕೊನೆಗೆ ತಮ್ಮ ಕನ್ನಡಕವನ್ನೇ ಬಿಚ್ಚಿಟ್ಟರು. ನಾರು ಮಾತ್ರ ತೊಟ್ಟಿಲಿನ ಹಾಗೆ ಆರಾಮವಾಗಿ ತೂಗುತ್ತಿತ್ತು.

ಇನ್ನು ಕಾಲೋನಿಗೆಲ್ಲ ಹೇಳಿಕೊಂಡು ಬರುತ್ತಾರೆ ಎಂದು ತಲೆ ತಗ್ಗಿಸಿ ಕೂತೆ. ಅಪ್ಪಾಜಿ ಏಳಲೇ ಇಲ್ಲ. ಕಾಗದ ತೆಗೆದು, ಉಕ್ಕು ಭಾರ, ನಿನ್ನದು ಹಗುರ, ತೂಕಕ್ಕೆ ತೂಕ ನೋಡೋಣ ಎಂದು ಲೆಕ್ಕ ಹಾಕಿದರು. ಉಕ್ಕೇ ಗೆದ್ದಿತು. ಎಳೆಯ ದಪ್ಪ ಅಳೆದದ್ದು ತಪ್ಪಿರಬೇಕೆಂದು ತುಂಡನ್ನು ಮತ್ತೆ ಅಳೆದರು. ಸರಿಯಾಗಿಯೇ ಇತ್ತು. ಕನ್ನಡಕ ಬಟ್ಟಲಲ್ಲೇ ಇದ್ದದ್ದರಿಂದ ಕಾಗದವನ್ನು ಮೂಗಿಗೆ ಹಿಡಿದು ಮೂರನೆಯ ಸಲ ಕೂಡಿಸುತ್ತಿದ್ದರು. ಅವರು ನನ್ನನ್ನು ಗೆಲ್ಲಿಸಲು ಒದ್ದಾಡುತ್ತಿದ್ದಾರೆಂದು ಆಗ ಹೊಳೆಯಿತು. ನನಗೆ ಅಳು ಬಂತು.

ಕಾಗದದ ಮೇಲೆ ಹತ್ತೊಂಬತ್ತು ಎಂದೇ ಬರೆದು ಸಹಿ ಮಾಡಿದರು. ಗೈಡಿಗೆ ಅಷ್ಟು ಸಾಕಿತ್ತು. ಅಪ್ಪಾಜಿಗೆ ಸಾಕಾಗಲಿಲ್ಲ.

"ಇನ್ನೊಂದು ಎಳೆ ಮಾಡೋಕೆ ಎಷ್ಟು ದಿನ ಬೇಕೇ?" ಎಂದು ಅಮ್ಮನ ಹಂಗಿಲ್ಲದೆ ನನ್ನನ್ನೇ ಕೇಳಿದರು.

ಎರಡು ತಿಂಗಳಾದರೂ ಬೇಕು ಎಂದೆ.

ಅಪ್ಪಾಜಿ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಮಾಡು ಮಾರಾಯ್ತಿ. ಅಷ್ಟರೊಳಗೆ ನಾನು ಚೆನ್ನಾಗಿ ಸವೆದಿರೋ ನಾರು ಒಂದು ಹುಡುಕಿಟ್ಟಿರ್ತೀನಿ."