ರಕ್ತ ಕೊಟ್ಟ ಮೇಲೆ ಕಾಫಿ

ಬೆಳಗಿನ ಆರೂವರೆ. ಜಯಪುರದಾಚೆ ಪುಟ್ಟಪ್ಪನವರ ಮನೆಯ ಜಗಲಿ. ರಕ್ತ ತೆಗೆಯಲು ಬಂದ ಅನ್ನಮ್ಮನ ಬಗ್ಗೆ ಬರೆಯಲೆಂದು ನಾನೂ ಅವರ ಜೊತೆ ಬಂದಿದ್ದೇನೆ. ಅವರ ಹೆಂಡತಿ ಭೈರಮ್ಮ ತಂದ ಕಾಫಿ ಲೋಟಕ್ಕೆ ನಾನು ಇನ್ನೇನು ಕೈ ಚಾಚಬೇಕು, ಅನ್ನಮ್ಮ ನನ್ನನ್ನು ದುರುಗುಟ್ಟಿ ನೋಡುತ್ತಾರೆ. "ನೀವು ಕುಡಿದ್ರೆ ಅವ್ರೂ ಕುಡೀತಾರೆ. ಸುಮ್ನೆ ಕೂತ್ಕೊಳ್ಳಿ ಮಾರಾಯ್ರೆ." ನಾನು ಕೈ ಹಿಂದಕ್ಕೆಳೆದುಕೊಳ್ಳುತ್ತೇನೆ.

ಅನ್ನಮ್ಮ ಕೊಪ್ಪದ ಒಂದು ಪುಟ್ಟ ಲ್ಯಾಬಿನ ಟೆಕ್ನಿಶಿಯನ್. ವಯಸ್ಸು ನಲವತ್ತೇಳು. ದಿನಾ ಬೆಳಿಗ್ಗೆ ಮೊಪೆಡ್ ಏರಿ ಎಂಟು ಹತ್ತು ಮನೆ ಸುತ್ತಿ, ರಕ್ತ ತೆಗೆದು, ಐಸ್ ಡಬ್ಬಿಯಲ್ಲಿಟ್ಟುಕೊಂಡು ಲ್ಯಾಬಿಗೆ ಮುಟ್ಟಿಸುತ್ತಾರೆ. ಕೊಲೆಸ್ಟ್ರಾಲ್ ಪರೀಕ್ಷೆಗೆ ರಾತ್ರಿ ಊಟವಾದ ಮೇಲೆ ನೀರು ಬಿಟ್ಟು ಬೇರೇನೂ ಹೊಟ್ಟೆಗೆ ಹೋಗಬಾರದು. ಇದನ್ನು ಹೇಳಿ ಹೇಳಿ ಅವರ ಬಾಯಿ ಒಣಗಿದೆ. ಜನ ರಾತ್ರಿಯಿಡೀ ನಿಯತ್ತಾಗಿಯೇ ಉಪವಾಸವಿರುತ್ತಾರೆ. ಬೆಳಿಗ್ಗೆ ಅನ್ನಮ್ಮ ಬಂದೊಡನೆ ಅವರ ಕೈಗೆ ಕಾಫಿ ಕೊಟ್ಟು, ಬಂದವರೊಬ್ಬರೇ ಕುಡಿದರೆ ಏನು ಚೆಂದ ಎಂದು ತಾವೂ ಒಂದು ಲೋಟ ಹಿಡಿಯುತ್ತಾರೆ. ಇಂಥವರಿಗೆ ಏನು ಹೇಳುವುದು?

ಕೊನೆಗೆ ಅನ್ನಮ್ಮನೇ ಸೋತು ಒಂದು ನಿಯಮ ಮಾಡಿಕೊಂಡಿದ್ದಾರೆ. ಕೊನೆಯ ಮನೆಯ ರಕ್ತ ತೆಗೆಯುವವರೆಗೆ ತಾವೂ ಏನನ್ನೂ ಮುಟ್ಟುವುದಿಲ್ಲ. "ಸೊಕ್ಕಿನ ಹೆಂಗಸು ಅಂತ ಹೆಸರು ಬಂತು. ಬರ್ಲಿ ಬಿಡಿ" ಎನ್ನುತ್ತಾರೆ.

ಕಾಫಿಯದು ಸಣ್ಣ ತಲೆನೋವು, ದೊಡ್ಡದು ಬೇರೆಯೇ ಇದೆ. ಕೊಲೆಸ್ಟ್ರಾಲ್ ಹೆಚ್ಚಾದರೆ ನೋವಿಲ್ಲ, ಜ್ವರವಿಲ್ಲ. ಸದ್ದಿಲ್ಲದೆ ರಕ್ತನಾಳದೊಳಗೆ ಕಟ್ಟಿಕೊಳ್ಳುತ್ತಾ ಹೋಗುತ್ತದೆ, ಒಂದು ದಿನ ಹೃದಯಕ್ಕೋ ಮಿದುಳಿಗೋ ರಕ್ತ ಹೋಗುವುದೇ ನಿಲ್ಲುತ್ತದೆ. ಕಾಣದ ಕಾಯಿಲೆಗೆ ನಮ್ಮಲ್ಲಿ ಯಾರು ಬೆಲೆ ಕೊಡುತ್ತಾರೆ? ಮೆಣಸೆ ಊರಿನ ಕಡೆ ಹೋದರೆ, ನಾವು ಮಾಂಸ ತಿನ್ನುವವರಲ್ಲ, ನಮಗೆಲ್ಲಿಂದ ಬರಬೇಕು ಎಂದು ಹೋಳಿಗೆಯ ಮೇಲೆ ತುಪ್ಪ ಸುರಿದುಕೊಳ್ಳುತ್ತಾರಂತೆ. ಈ ಕಡೆಯವರು, ಅದು ದಪ್ಪಗಿರುವವರಿಗೆ ಬರುವಂಥದ್ದು ಎಂದು ಹಂದಿ ಸಾರಿಗೆ ಇನ್ನೆರಡು ಕಡುಬು ಹಾಕಿಸಿಕೊಳ್ಳುತ್ತಾರೆ.

ಕಡ್ಡಿಯಂತಿರುವ ಪುಟ್ಟಪ್ಪನವರು ಈ ಎರಡನೆಯವರ ಪೈಕಿ. ಅವರಿಗೆ ಕೊಲೆಸ್ಟ್ರಾಲ್ ವಿಪರೀತ ಇದೆಯೆಂದು ಗೊತ್ತಾಗಿದ್ದು ಎರಡು ವರ್ಷದ ಹಿಂದೆ, ೨೦೦೫ರಲ್ಲಿ. ಡಾಕ್ಟರು ಮಾತ್ರೆ ಕೊಟ್ಟು, ಎರಡು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಲು ಹೇಳಿದ್ದರು. ಪುಟ್ಟಪ್ಪ ಮಾಡಿದ್ದೇನು? ಪರೀಕ್ಷೆಗೆ ವಾರವಿದೆ ಎನ್ನುವಾಗ ಗಂಜಿ ಶುರುಮಾಡಿದರು. ರಿಪೋರ್ಟು ಚೆನ್ನಾಗಿ ಬಂತು. ಕಾಯಿಲೆ ಹೋಯಿತೆಂದು ತಾವೇ ತೀರ್ಪು ಕೊಟ್ಟುಕೊಂಡು ಮಾತ್ರೆ ಬಿಟ್ಟರು. ಆ ಭಾನುವಾರ ಹಂದಿ ಸಾರು, ಕಡುಬು!

ಕಳೆದ ವರ್ಷ ಹೆಂಡತಿಯ ಕಾಟಕ್ಕೆ ಮತ್ತೊಮ್ಮೆ ಪರೀಕ್ಷೆಗೆ ಒಪ್ಪಿದರು. ಅನ್ನಮ್ಮ ಇದೇ ಜಗಲಿಯಲ್ಲಿ ಅವರ ತೋಳಿಗೆ ಪಟ್ಟಿ ಬಿಗಿದಿದ್ದರು. ಒಂದು ವಾರ ಬರೀ ಗಂಜಿ ಕುಡಿದಿದ್ದೇನೆ, ಈ ಸಲವೂ ಚೆನ್ನಾಗೇ ಬರುತ್ತದೆ ಎಂದು ಪುಟ್ಟಪ್ಪ ಜಂಬ ಕೊಚ್ಚಿಕೊಂಡರು. ಗದ್ದೆಯಿಂದ ಏರು ಹತ್ತುವಾಗ ಎದೆ ಹಿಡಿದ ಹಾಗಾಗುತ್ತದೆ, ಕೂತರೆ ಹೋಗುತ್ತದೆ ಎಂದೂ ಮಾತಿಗೆ ಮಾತು ಬಂದು ಹೇಳಿದರು. ಅನ್ನಮ್ಮ ತಕ್ಷಣ ಪಟ್ಟಿ ಬಿಚ್ಚಿದರು. "ಲ್ಯಾಬ್ ಇರ್ಲಿ, ಈಗ್ಲೇ ಆಸ್ಪತ್ರೆಗೆ ಹೊರಡಿ."

ನಾಳೆ ನೋಡೋಣ ಎಂದರು ಪುಟ್ಟಪ್ಪ. ಬೇಲಿ ಕೆಲಸಕ್ಕೆ ಆಳು ಬರುತ್ತಾರಂತೆ! ಅನ್ನಮ್ಮ ಚೀಲ ಕೆಳಗಿಟ್ಟು, ನೀವು ಜೀಪು ಹತ್ತುವವರೆಗೆ ನಾನೂ ಏಳುವುದಿಲ್ಲ ಎಂದು ಕೂತೇ ಬಿಟ್ಟರು. ಮುಂದಿನ ಮನೆಗಳವರು ಹಸಿದುಕೊಂಡು ಇವರಿಗೆ ಶಾಪ ಹಾಕಿದ್ದೇ ಹಾಕಿದ್ದು. ಅಂತೂ ಜೀಪು ಬಂತು. ಕೊಪ್ಪದ ಆಸ್ಪತ್ರೆಯಿಂದ ಪುಟ್ಟಪ್ಪನವರನ್ನು ಅದೇ ದಿನ ಮಣಿಪಾಲಕ್ಕೆ ಕಳಿಸಿದರು. ಹೃದಯದ ರಕ್ತನಾಳ ಮುಕ್ಕಾಲು ಪಾಲಿಗಿಂತ ಹೆಚ್ಚು ಮುಚ್ಚಿತ್ತು. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದರು.

ಅಂದಿನಿಂದ ಅವರು ಕಂಡವರಿಗೆಲ್ಲ ಅನ್ನಮ್ಮನ ಕೈಗುಣವನ್ನು ಹೊಗಳುತ್ತಾರೆ. ಅದನ್ನು ಕೇಳಿದರೆ ಅನ್ನಮ್ಮನಿಗೆ ಮೈ ಉರಿಯುತ್ತದೆ. "ಎಂಥ ಕೈಗುಣ? ಅವತ್ತು ನಾನು ಸೂಜಿನೇ ಚುಚ್ಚಲಿಲ್ಲ. ರಿಪೋರ್ಟ್ ಚೆನ್ನಾಗಿ ಬಂತು ಅಂತ ಮಾತ್ರೆ ಬಿಡ್ಬೇಡಿ ಅಂತೀನಿ, ಅದನ್ನ ಒಬ್ಬರೂ ಹೊಗಳಲ್ಲ. ಅದೊಂದು ಕೇಳಿದ್ರೆ ನಂಗೆ ಸಾಕಿತ್ತು."

ಇವತ್ತು ಪುಟ್ಟಪ್ಪ ತಾವಾಗಿಯೇ ತೋಳು ಚಾಚಿದ್ದಾರೆ. ರಕ್ತ ತೆಗೆದು, ಹತ್ತಿ ಒತ್ತಿ ಹಿಡಿಸಿದ್ದಾಯಿತು. ನನಗೂ ಅವರಿಗೂ ಈಗ ಕಾಫಿ ಬರುತ್ತದೆ, ಅವರದ್ದು ಸಕ್ಕರೆಯಿಲ್ಲದ್ದು. ಇನ್ನೂ ಏಳು ಮನೆ ಬಾಕಿಯಿರುವ ಅನ್ನಮ್ಮನಿಗೆಂದು ಭೈರಮ್ಮ ಒಂದು ಫ್ಲಾಸ್ಕ್ ತಂದು ಮೊಪೆಡ್‌ಗೆ ನೇತುಹಾಕುತ್ತಾರೆ. ಅನ್ನಮ್ಮ ಟ್ಯೂಬಿನ ಮೇಲೆ ಹೆಸರು ಬರೆಯುತ್ತಾ, ತಲೆ ಎತ್ತದೆಯೇ ಕೇಳುತ್ತಾರೆ.

"ಮಾತ್ರೆ?"

"ಒಂದು ದಿನಾನೂ ಬಿಟ್ಟಿಲ್ಲ."

"ಗಂಜಿ?"

"ಇಲ್ಲ ಅನ್ನಮ್ಮ. ದಿನಾ ಉಣ್ಣೋದನ್ನೇ ಉಂಡಿದ್ದೀನಿ ಈ ಸಲ."

ಅನ್ನಮ್ಮ ಟ್ಯೂಬನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತುತ್ತಾರೆ. "ಹಾಗಾದ್ರೆ ಈ ರಿಪೋರ್ಟ್ ಗಂಜಿದಲ್ಲ, ನಿಮ್ದೇ."