ಅಜ್ಜಿ ಕುಡಿಯದೆ ಬಿಟ್ಟ ನೀರು

ಬೆಳಿಗ್ಗೆ ಅಮ್ಮನ ಮಂಚದ ಪಕ್ಕ ಇಟ್ಟುಹೋದ ಚೊಂಬು ಸಂಜೆ ನಾನು ಮಕ್ಕಳಿಗೆ ಪಾಠ ಮುಗಿಸಿ ಸ್ಕೂಲಿನಿಂದ ಬಂದಾಗಲೂ ತುಂಬಿಯೇ ಇತ್ತು. ಮೇಲೆ ಮುಚ್ಚಿದ್ದ ಲೋಟ ಕೂಡ ಕದಲಿರಲಿಲ್ಲ. ಅಮ್ಮ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಜಾರಿ, ಪಾದದ ಮೂಳೆ ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಚಿಕ್ಕಬಳ್ಳಾಪುರದಲ್ಲಿ ನಾನೂ ನನ್ನ ಗಂಡನೂ ಇರುವ ಮನೆಗೆ ಬಂದು ವಾರವಾಗಿತ್ತು. "ಯಾಕಮ್ಮ, ನೀರೇ ಕುಡಿದಿಲ್ಲ?" ಎಂದೆ. "ಬಾಯಾರಿಕೆ ಇಲ್ಲ ಕಣೇ" ಎಂದಳು. ಹೊರಗೆ ರಣಬಿಸಿಲು, ಒಳಗೆ ಫ್ಯಾನು ಬಿಸಿಗಾಳಿ ಬೀಸುತ್ತಿದೆ, ಈಯಮ್ಮನಿಗೆ ಬಾಯಾರಿಕೆ ಇಲ್ಲವಂತೆ! ಈ ಮಾತನ್ನು ನಾನು ಹಿಂದೆಯೂ ಒಮ್ಮೆ ಕೇಳಿದ್ದೆ, ಬೇರೊಂದು ಮಂಚದಿಂದ. ಪುರುಸೊತ್ತಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ನಾನು ಓದಿದ್ದು ಶಿಡ್ಲಘಟ್ಟದ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ. ಒಂಬತ್ತನೇ ತರಗತಿಗೆ ಬಂದಾಗ ಹೊಸದಾಗಿ ಎರಡು ವಿಷಯ ಶುರುವಾದವು: ಒಂದು ಕಂಪ್ಯೂಟರ್, ಇನ್ನೊಂದು ಆರೋಗ್ಯ ಸೇವೆ. ಎಲ್ಲರೂ ಕಂಪ್ಯೂಟರಿಗೆ ಮುಗಿಬಿದ್ದರು. ನಾನೂ ಓಡಿದೆ, ನಾನು ತಲುಪುವ ಹೊತ್ತಿಗೆ ಸೀಟು ಮುಗಿದಿತ್ತು. ಈಗ ಯಾರಾದರೂ "ಚಿಕ್ಕ ವಯಸ್ಸಿಗೇ ಎಂಥಾ ಸೇವಾಭಾವ!" ಎಂದರೆ ನಾನು ಸುಮ್ಮನೆ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ನಿಮ್ಮ ಹತ್ತಿರ ಮಾತ್ರ ನಿಜ ಹೇಳಿದೆ.

ಕಲಿಸಲು ಬಂದವರು ಗೌರಿಬಿದನೂರಿನ ಕಡೆಯ ಒಬ್ಬರು ಮಿಸ್ಸು, ಹಿಂದೆ ನರ್ಸಾಗಿದ್ದವರು. ಪಾಠಕ್ಕೆ ಆಳೆತ್ತರದ ಗೊಂಬೆ ಬರುತ್ತದೆ ಎಂದಿದ್ದರು. ಬರಲಿಲ್ಲ. "ಅದು ಬರೋವರ್ಗೂ ನೀವೇ ಗೊಂಬೆಗಳು ಕಣ್ರಮ್ಮ" ಎಂದು ಎರಡು ಬೆಂಚು ಜೋಡಿಸಿ, ನನ್ನ ಗೆಳತಿ ನಸೀಮಾಳನ್ನು ರೋಗಿ ಮಾಡಿ ಮಲಗಿಸಿದರು. ಮಲಗಿದವರನ್ನು ಕೂರಿಸುವುದು, ಕೂತವರನ್ನು ಕುರ್ಚಿಗೆ ದಾಟಿಸುವುದು, ನಾಡಿ ನೋಡುವುದು, ಬೆರಳ ಸಂದಿಯವರೆಗೂ ಕೈ ತೊಳೆಯುವುದು, ಎಲ್ಲ ಅವಳ ಮೇಲೆಯೇ ಪ್ರಯೋಗ. ನನಗೆ ನಾಡಿಯ ಹುಚ್ಚು ಹಿಡಿಯಿತು. ಸಿಕ್ಕಸಿಕ್ಕವರ ಮಣಿಕಟ್ಟು ಹಿಡಿದೆ. ಹಸುವಿನ ನಾಡಿ ಎಲ್ಲಿರಬಹುದು ಎಂದು ಹುಡುಕಲು ಹೋಗಿ ನಮ್ಮ ಸೀಮೆಹಸುವಿನಿಂದ ಒದೆಸಿಕೊಂಡೆ. ಎಲ್ಲಿದೆ ಅಂತ ಇವತ್ತಿಗೂ ಗೊತ್ತಿಲ್ಲ.

ಆದರೆ ಮಿಸ್ಸು ದಿನವೂ ಪಠಿಸುತ್ತಿದ್ದ ಮಂತ್ರ ಬೇರೆ. "ಮುಟ್ಟೋಕೆ ಮುಂಚೆ ನಿಮ್ಮ ಹೆಸರು ಹೇಳಿ. ಏನ್ ಮಾಡ್ತೀವಿ ಅಂತ ಹೇಳಿ. ಮಾಡ್ಲಾ ಅಂತ ಕೇಳಿ. ಆಮೇಲೆ ಕೈ ಹಾಕಿ." ನಮಗೆ ನಗು. ನಮ್ಮ ಕಡೆ ಕಾಯಿಲೆ ಬಿದ್ದವರನ್ನು ಯಾರು ಕೇಳುತ್ತಾರೆ? ನೋಡಲು ಬಂದವರೆಲ್ಲ ಹಣೆ ಮುಟ್ಟುತ್ತಾರೆ, ರೆಪ್ಪೆ ಎಳೆದು ನೋಡುತ್ತಾರೆ, ಬೇಡ ಎಂದರೂ ಗಂಜಿ ಹೊಯ್ಯುತ್ತಾರೆ. ನಸೀಮಾ ಮಾತ್ರ ಏನು ಕೇಳಿದರೂ "ಆಯ್ತು" ಅನ್ನುತ್ತಿದ್ದಳು, ಬೇಗ ಮುಗಿದರೆ ಬೇಗ ಊಟಕ್ಕೆ ಹೋಗಬಹುದಲ್ಲ.

ಆ ವರ್ಷವೇ ಅಜ್ಜಿ ಬಿದ್ದಳು. ಅಪ್ಪನ ತಾಯಿ. ಒದ್ದೆ ಗೋಣಿಚೀಲದ ಮೇಲೆ ಕಾಲಿಟ್ಟು ಜಾರಿದ್ದು. ಮೂಳೆ ಮುರಿದಿಲ್ಲ, ಸೊಂಟಕ್ಕೆ ಪೆಟ್ಟಾಗಿದೆ, ದಿನಾ ಎಬ್ಬಿಸಿ ಕೂರಿಸಿ, ಚೆನ್ನಾಗಿ ನೀರು ಕುಡಿಸಿ ಎಂದರು ಡಾಕ್ಟರು. ಬಿದ್ದ ಹೊತ್ತು ಸರಿಯಿರಲಿಲ್ಲ. ಮನೆಯಲ್ಲಿ ರೇಷ್ಮೆ ಹುಳುಗಳು ದೊಡ್ಡವಾಗಿದ್ದವು, ಹಗಲೂ ರಾತ್ರಿ ಸೊಪ್ಪು ಸುರಿದರೂ ಸಾಲದು ಅನ್ನುವಂಥ ದಿನಗಳು.

ಹುಳು ಮನೆಗೆ ಅಜ್ಜಿಯದೇ ಕಾನೂನು. ಹೊಸ್ತಿಲಲ್ಲಿ ನಿಂತು ಒಳಗೆ ಹೋಗುವವರ ಕೈ ಮೂಸಿ ನೋಡುತ್ತಿದ್ದಳು. ಹೊಗೆಸೊಪ್ಪು ಮುಟ್ಟಿದವರು, ಪೌಡರ್ ಹಾಕಿದವರು, ಮಲ್ಲಿಗೆ ಮುಡಿದವರು ಆಚೆಗೇ. ಎಲ್ಲಕ್ಕಿಂತ ಬಿಗಿಯಾದದ್ದು ಒಂದು: ಕಾಯಿಲೆಯವರನ್ನು ಮುಟ್ಟಿದವರು ಅವತ್ತು ಹೊಸ್ತಿಲು ದಾಟುವಂತಿಲ್ಲ. ಹುಳುವಿಗೆ ಸೊಪ್ಪು ಹಾಕುವವಳು ಅಮ್ಮ. ಹಾಗಾಗಿ ಅಮ್ಮ ಅಜ್ಜಿಯ ಹತ್ತಿರ ಸುಳಿಯುವಂತಿರಲಿಲ್ಲ, ದೂರದಿಂದಲೇ "ಅತ್ತೆ, ಊಟ ಆಯ್ತಾ?" ಎನ್ನುತ್ತಿದ್ದಳು. ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ತೋಟಕ್ಕೂ ಮನೆಗೂ ಓಡಾಡುವ ಅಪ್ಪನ ಪಾಲಿಗೆ ಬಂತು.

ಅಪ್ಪ ಪ್ರೀತಿಯಿಂದಲೇ ಮಾಡಿದ. ಆದರೆ ಅಜ್ಜಿ ದಿನದಿನಕ್ಕೆ ಇಳಿದುಹೋದಳು. ತಲೆಯ ಹತ್ತಿರ ಇಟ್ಟ ಚೊಂಬು ಇಟ್ಟಂತೆಯೇ ಇರುತ್ತಿತ್ತು. "ಬಾಯಾರಿಕೆ ಇಲ್ಲ" ಅನ್ನುವುದೊಂದೇ ಮಾತು. "ಹಠ ಕಣಮ್ಮ, ವಯಸ್ಸಾದ್ಮೇಲೆ ಹಂಗೇ" ಎಂದ ಅಪ್ಪ. ನಾಲ್ಕೈದು ದಿನಕ್ಕೆ ಅಜ್ಜಿ ನನ್ನನ್ನು ತನ್ನ ಮಗಳ, ಅಂದರೆ ನಮ್ಮ ಸೋದರತ್ತೆಯ ಹೆಸರಿನಿಂದ ಕರೆದಳು. ನಾಲಿಗೆ ಒಣಗಿ ಬಿರುಕು ಬಿಟ್ಟಿತ್ತು. ನೀರು ಸಾಲದೆ ಹೋದರೆ ಹೀಗಾಗುತ್ತದೆ ಎಂದು ಮಿಸ್ಸು ಅದೇ ವಾರ ಹೇಳಿದ್ದರು. ಅಜ್ಜಿ ಹೀಗೇ ಹೋಗಿಬಿಟ್ಟರೆ?

ಎಬ್ಬಿಸಿ ಕೂರಿಸಿ ನಾನೇ ಕುಡಿಸುತ್ತೇನೆ ಎಂದು ಹೊರಟೆ. ಪಾಠ ಪಾಠವೇ. ಕೈಕಟ್ಟಿ ನಿಂತು, "ನಮಸ್ಕಾರ, ನನ್ನ ಹೆಸರು ಇಂಥದ್ದು. ನಾನು ಈಗ ನಿಮ್ಮನ್ನು ಎಬ್ಬಿಸಿ ಕೂರಿಸ್ತೀನಿ. ಕೂರಿಸ್ಲಾ?" ಎಂದೆ.

ಅಜ್ಜಿ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. ಒಣಗಿದ ತುಟಿಯಲ್ಲೇ ನಗು ಬಂತು. "ಅಬ್ಬೋ! ನಿಮ್ಮ ತಾತನ್ ಕೈಲಿ ತಾಳಿ ಕಟ್ಸೋವಾಗ್ಲೂ ಯಾರೂ ನನ್ನ ಒಂದ್ ಮಾತು ಕೇಳ್ಲಿಲ್ಲ ಕಣೇ. ನೀನ್ ಕೇಳ್ತಾ ಇದೀಯಾ?"

"ಹೂಂ ಅಜ್ಜಿ. ಕೂರಿಸ್ಲಾ?"

"ಬೇಡ."

ಪೇಚಿಗೆ ಸಿಕ್ಕೆ. ನಸೀಮಾ ಒಮ್ಮೆಯೂ ಬೇಡ ಅಂದವಳಲ್ಲ, ಹಾಗಾಗಿ ಬೇಡ ಎಂದರೆ ಮುಂದೇನು ಅನ್ನುವುದು ಪಾಠದಲ್ಲಿ ಬಂದೇ ಇರಲಿಲ್ಲ. ಮರುದಿನ ಪ್ರಾರ್ಥನೆಗೂ ಮುಂಚೆ ಮಿಸ್ಸಿನ ಮುಂದೆ ನಿಂತೆ.

"ಬೇಡ ಅಂದ್ರೆ ಬೇಡಾನೇ" ಎಂದರು ಮಿಸ್ಸು. "ಬಲವಂತ ಮಾಡ್ಬೇಡ. ಆದ್ರೆ ಯಾಕೆ ಅಂತ ಕೇಳಿದ್ಯಾ? ಕೇಳಿ, ಬಾಯ್ಮುಚ್ಕೊಂಡು ಕೂತ್ಕೋ."

ಎರಡನೆಯದು ನನಗೆ ಕಷ್ಟದ ಕೆಲಸ. ಆದರೂ ಮಂಚದ ಪಕ್ಕ ಕೂತು ಕೇಳಿದೆ, ಬಾಯಿ ಮುಚ್ಚಿಕೊಂಡೆ. ಅಜ್ಜಿ ಗೋಡೆ ಕಡೆ ತಿರುಗಿದಳು. ಗೋಡೆಗೇ ಹೇಳುವಂತೆ ಮಾತಾಡಿದಳು.

"ನೀರ್ ಕುಡಿದ್ರೆ ಬಚ್ಚಲಿಗೆ ಹೋಗ್ಬೇಕು. ಬಚ್ಚಲಿಗೆ ಎತ್ಕೊಂಡು ಹೋಗೋನು ನಿಮ್ಮಪ್ಪ. ಹೆತ್ತ ಮಗನ ಮುಂದೆ ಸೀರೆ ಎತ್ಲೇನೇ ನಾನು?"

"ಅಮ್ಮನ್ನ ಕರೀಬಹುದಿತ್ತಲ್ಲಜ್ಜಿ?"

"ಅವಳು ನನ್ನ ಮುಟ್ಟಿದ್ರೆ ಹುಳಿನ್ ಗತಿ? ಕಾನೂನು ಮಾಡಿದೋಳು ನಾನೇ ಅಲ್ವಾ."

ನನಗೆ ಅಳು ಬಂತು. ತಾನು ಹಾಕಿದ ಬೇಲಿಯೊಳಗೆ ತಾನೇ ಸಿಕ್ಕಿಕೊಂಡು, ಮರ್ಯಾದೆಯೂ ಉಳಿಯಲಿ ಹುಳುವೂ ಉಳಿಯಲಿ ಎಂದು, ಬಾಯಾರಿಕೆಯನ್ನು ಹಲ್ಲು ಕಚ್ಚಿಕೊಂಡು ನುಂಗುತ್ತಿದ್ದಳು ನನ್ನ ಅಜ್ಜಿ. ಇಡೀ ಮನೆ ಅದನ್ನು ಹಠ ಅಂದುಕೊಂಡಿತ್ತು.

"ನಾನು ಕರ್ಕೊಂಡು ಹೋಗ್ಲಾ?" ಎಂದೆ.

ಅಜ್ಜಿ ನನ್ನ ಕಡ್ಡಿ ತೋಳು ನೋಡಿದಳು. "ಬೀಳ್ಸಲ್ಲ ತಾನೆ?"

ನಸೀಮಾಳನ್ನು ಒಮ್ಮೆ ಬೀಳಿಸಿದ್ದೆ. ಅದನ್ನು ಹೇಳಲಿಲ್ಲ. ಕುರ್ಚಿಯನ್ನು ಮಂಚಕ್ಕೆ ಒತ್ತಿ ಇಟ್ಟೆ, ಅಜ್ಜಿಯ ಕಾಲು ನೆಲಕ್ಕೆ ಊರಿಸಿದೆ, ನನ್ನ ಮೊಣಕಾಲನ್ನು ಅವಳ ಮೊಣಕಾಲಿಗೆ ಆನಿಸಿ, ಬೆನ್ನು ಬಳಸಿ ಹಿಡಿದೆ. ಅವಳೇ ಎದ್ದಳು, ನಾನು ಹಿಡಿದುಕೊಂಡೆ ಅಷ್ಟೆ. ಅಪ್ಪ ಹೊರುವಾಗ ಅವಳು ಬರೀ ಮೂಟೆಯಾಗಿದ್ದಳು. ನನ್ನ ಭುಜ ಹಿಡಿದು ಬಚ್ಚಲಿಗೆ ಹೋಗಿಬಂದು ಆ ಕುರ್ಚಿಯಲ್ಲಿ ಕೂತವಳು ಆ ಚೊಂಬು ನೀರನ್ನು ನಿಲ್ಲಿಸದೆ ಕುಡಿದಳು.

ಆಮೇಲೆ ನಾನು ಸೋಪು ಹಚ್ಚಿ, ಬೆರಳ ಸಂದಿ, ಉಗುರು, ಮಣಿಕಟ್ಟು ತಿಕ್ಕಿ ತೊಳೆದೆ. ಹುಳು ಮನೆಯ ಹೊಸ್ತಿಲಲ್ಲಿ ನಿಂತ ಅಮ್ಮ ನೋಡುತ್ತಲೇ ಇದ್ದಳು. "ಹಿಂಗೆ ತೊಳೆದ್ರೆ ಸಾಕಂತಾರಾ ನಿಮ್ ಮಿಸ್ಸು?" ಎಂದು ಕೇಳಿದವಳು, ನೆಟ್ಟಗೆ ಬಂದು ಅಜ್ಜಿಯ ಕೆದರಿದ ತಲೆ ಬಾಚಿ ಗಂಟು ಹಾಕಿದಳು. ನಂತರ ನನ್ನ ಹಾಗೇ ಕೈ ತೊಳೆದು, ಸೀರೆ ಬದಲಿಸಿ, ಅಜ್ಜಿಯ ಮುಂದೆ ಎರಡೂ ಕೈ ಚಾಚಿದಳು.

ಅಜ್ಜಿ ಮೂಸಿದಳು. ಈ ಕಡೆ, ಆ ಕಡೆ. "ಹೂಂ, ಹೋಗು. ಸೊಪ್ಪು ಹಾಕೋ ಹೊತ್ತಾಯ್ತು" ಎಂದಳು. ಆ ಸಲ ರೇಷ್ಮೆ ಗೂಡು ಚೆನ್ನಾಗಿಯೇ ಬಂತು. ಅಜ್ಜಿ ಎದ್ದು ಓಡಾಡಿದಳು, ಆಮೇಲೆ ಎಷ್ಟೋ ವರ್ಷ ಹೊಸ್ತಿಲಲ್ಲಿ ಕೂತು ನಮ್ಮೆಲ್ಲರ ಕೈ ಮೂಸಿದಳು.

ನಾನು ನರ್ಸಾಗಲಿಲ್ಲ, ಮಕ್ಕಳಿಗೆ ಗಣಿತ ಹೇಳುತ್ತೇನೆ. ಈ ಕಥೆಯನ್ನು ಮಾತ್ರ ಸಿಕ್ಕವರಿಗೆಲ್ಲ ಹೇಳಿ ಬೀಗುತ್ತೇನೆ. ಬೀಗುವವಳ ಮನೆಯಲ್ಲೇ ಚೊಂಬು ತುಂಬಿ ಕೂತಿದೆ! ಅಮ್ಮನ ಮಂಚವನ್ನು ಹಾಲ್‌ನಲ್ಲಿ, ಫ್ಯಾನಿನ ಕೆಳಗೆ ಹಾಕಿಸಿದವಳು ನಾನು. ಅಲ್ಲಿ ಮಲಗ್ತೀಯಾ ಎಂದು ಅವಳನ್ನು ಕೇಳಿರಲಿಲ್ಲ.

ಅವಳ ಮುಂದೆ ಕೈಕಟ್ಟಿ ನಿಂತೆ. "ನಮಸ್ಕಾರ, ನನ್ನ ಹೆಸರು ಇಂಥದ್ದು."

"ಥೂ, ಹೋಗೇ" ಎಂದು ನಕ್ಕಳು. ನಗು ನಿಂತ ಮೇಲೆ ದನಿ ತಗ್ಗಿಸಿದಳು. "ಅಳಿಯಂದ್ರು ಹಗಲೆಲ್ಲ ಇಲ್ಲೇ ಕೂತಿರ್ತಾರಲ್ಲೇ. ಅವರ ಮುಂದೆ ಕುಂಟ್ಕೊಂಡು ಎಷ್ಟ್ ಸಲ ಅಂತ ಬಚ್ಚಲಿಗೆ ಹೋಗ್ಲಿ?"

"ನಮ್ಮ ರೂಮಲ್ಲೇ ಬಚ್ಚಲಿದೆ. ಮಂಚ ಅಲ್ಲಿಗೆ ಹಾಕಿಸ್ಲಾ?"

"ಕೇಳ್ತಾ ಇದೀಯಾ, ಹೇಳ್ತಾ ಇದೀಯಾ?"

"ಕೇಳ್ತಾ ಇದೀನಮ್ಮ."

ಅಮ್ಮ ರೂಮಿನ ಬಾಗಿಲ ಕಡೆ ಕತ್ತು ಹೊರಳಿಸಿ ನೋಡಿದಳು. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ.

"ಹಾಕಿಸು" ಎಂದಳು. "ಮೊದ್ಲು ಆ ಚೊಂಬು ಇತ್ಲಾಗ್ ಕೊಡು."